ಒಮ್ಮೆ ಕೊಟ್ಟ ನಂಬರು

ಚಿ. ಪುಟ್ಟುವಿಗೆ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಟೇಬಲ್‌ಗಳ ಚಿತ್ರವನ್ನು ದೊಡ್ಡದು ಮಾಡಿಕೊಂಡು ಗಮನವಿಟ್ಟು ನೋಡಿದೆ. ಊರಿನ ವಾಚನಾಲಯದ ಪುಸ್ತಕಗಳನ್ನೆಲ್ಲ ವೆಬ್‌ಸೈಟಿಗೆ ತರುವ ಕೆಲಸ ನಿನ್ನ ಪಾಲಿಗೆ ಬಂದದ್ದು ನನಗೆಷ್ಟು ಸಂತೋಷ ಕೊಟ್ಟಿದೆ ಎಂದು ಫೋನಿನಲ್ಲಿ ಹೇಳಲು ಆಗಲಿಲ್ಲ. ಗ್ರಂಥಾಲಯದಲ್ಲೇ ನೌಕರಿ ಮುಗಿಸಿದವಳು ನಾನು. ಕಾರ್ಡು ಬರೆಯುವ ಕಾಲದಲ್ಲಿ ಸೇರಿ, ಆ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ ಹೊರಬಂದವಳು. ನಿನ್ನ ಬಣ್ಣ, ಬಟನ್, ಮುಖಪುಟದ ವಿಚಾರದಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಟೇಬಲ್‌ಗಳು ಹೇಗಿರಬೇಕು, ಪುಸ್ತಕಕ್ಕೆ ನಂಬರು ಹೇಗೆ ಕೊಡಬೇಕು ಎನ್ನುವ ಎರಡು ವಿಚಾರದಲ್ಲಿ ಹೇಳಲೇಬೇಕಾದ್ದು ಬಹಳವಿದೆ. ಪುಟ ಚೆನ್ನಾಗಿ ಕಾಣದಿದ್ದರೆ ಮುಂದಿನ ವರ್ಷ ಬದಲಾಯಿಸಬಹುದು. ಸಾವಿರಾರು ಪುಸ್ತಕಗಳಿಗೆ ಒಮ್ಮೆ ಕೊಟ್ಟ ಗುರುತಿನ ನಂಬರನ್ನು ಬದಲಾಯಿಸಲು ಆಗುವುದಿಲ್ಲ.

ಮೊದಲು ನಿನ್ನ ಕಂಪ್ಯೂಟರು ಮುಚ್ಚಿಟ್ಟು ವಾಚನಾಲಯದ ಹಳೆಯ ಅಕ್ಸೆಷನ್ ರಿಜಿಸ್ಟರನ್ನು ತೆಗೆದು ನೋಡು. ಉದ್ದನೆಯದು, ರಟ್ಟಿನ ಹೊದಿಕೆಯದು, ಬೀರುವಿನ ಕೆಳಗಿನ ಖಾನೆಯಲ್ಲಿರುತ್ತದೆ. ಅದರ ಕಾಲಮ್ಮುಗಳು ಇವು: ತಾರೀಖು, ಕ್ರಮಸಂಖ್ಯೆ, ಲೇಖಕರು, ಶೀರ್ಷಿಕೆ, ಪ್ರಕಾಶಕರು, ವರ್ಷ, ಪುಟ, ಯಾರಿಂದ ಬಂತು, ಬೆಲೆ, ಬಿಲ್ಲಿನ ನಂಬರು, ಕೊನೆಗೆ ಷರಾ. ಪುಸ್ತಕ ಬಂದ ದಿನ ಅದಕ್ಕೊಂದು ಸಾಲು, ಆ ಸಾಲಿಗೊಂದು ಸಂಖ್ಯೆ. ಅದೇ ಸಂಖ್ಯೆ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮೊಹರಿನ ಒಳಗೆ ಬೀಳುತ್ತದೆ. ಜೊತೆಗೆ ಗ್ರಂಥಪಾಲಕರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪುಟದಲ್ಲೂ ಬೀಳುತ್ತದೆ. ಯಾರಾದರೂ ಮೊದಲ ಹಾಳೆ ಹರಿದರೂ ಪುಸ್ತಕ ಯಾರದ್ದೆಂದು ಹೇಳಲು ಅದು ಬೇಕು.

ಆ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದ ಸಾಲುಗಳು ಸಿಗುತ್ತವೆ. ಎದುರಿಗೆ ಷರಾ ಕಾಲಮ್ಮಿನಲ್ಲಿ ‘ಕಳೆದಿದೆ, ಬೆಲೆ ವಸೂಲು’ ಎಂದೋ ‘ಹುಳು ಹಿಡಿದು ವಜಾ’ ಎಂದೋ ಬರೆದು ಸಹಿ, ತಾರೀಖು ಇರುತ್ತದೆ. ಗೆರೆ ಎಳೆದಿದ್ದರೂ ಕೆಳಗಿನ ಅಕ್ಷರ ಓದಲು ಬರುತ್ತದೆ. ಆ ಪುಸ್ತಕ ಹೋಯಿತು, ಆದರೆ ಅದರ ನಂಬರನ್ನು ಬೇರೆ ಪುಸ್ತಕಕ್ಕೆ ಕೊಟ್ಟಿಲ್ಲ. ನಾನು ನಿನಗೆ ಹೇಳಬೇಕಾದ ಮುಖ್ಯ ಮಾತು ಆ ಕೆಂಪು ಗೆರೆಯಲ್ಲಿದೆ. ಒಮ್ಮೆ ಕೊಟ್ಟ ನಂಬರು ಆ ವಸ್ತುವಿನದು. ವಸ್ತು ಇಲ್ಲವಾದರೂ ಅದರದ್ದೇ. ಹಳೆಯ ಬಿಲ್ಲು, ಆಡಿಟ್ ವರದಿ, ಯಾರದೋ ರಸೀದಿ, ಎಲ್ಲವೂ ಆ ನಂಬರನ್ನು ನಂಬಿಕೊಂಡು ಬರೆದವು. ಅದನ್ನು ಇನ್ನೊಂದಕ್ಕೆ ಕೊಟ್ಟರೆ ಅಷ್ಟೂ ಕಾಗದಗಳು ಒಟ್ಟಿಗೆ ಸುಳ್ಳಾಗುತ್ತವೆ.

ಇನ್ನು ನಿನ್ನ ಚಿತ್ರಕ್ಕೆ ಬರುತ್ತೇನೆ.

ನೀನು ‘ಪುಸ್ತಕ’ ಎಂದು ಒಂದೇ ಟೇಬಲ್ ಬರೆದು ಎಲ್ಲವನ್ನೂ ಅದರೊಳಗೆ ತುಂಬಿದ್ದೀಯ. ವಾಚನಾಲಯದಲ್ಲಿ ಕಾರಂತರ ‘ಮೂಕಜ್ಜಿಯ ಕನಸುಗಳು’ ಮೂರು ಪ್ರತಿ ಇವೆ ಎಂದುಕೊ. ಒಂದು ಹಳೆಯ ಮುದ್ರಣ, ಎರಡು ಹೊಸವು. ನಿನ್ನ ಲೆಕ್ಕದಲ್ಲಿ ಇದು ಒಂದು ಸಾಲೋ, ಮೂರು ಸಾಲೋ? ಒಂದು ಸಾಲು ಎಂದರೆ ಮೂರರಲ್ಲಿ ಯಾವ ಪ್ರತಿ ಹೊರಗೆ ಹೋಗಿದೆ, ಯಾವುದರ ಬೆನ್ನು ಕಿತ್ತಿದೆ ಎಂದು ಬರೆಯಲು ಜಾಗವಿಲ್ಲ. ಮೂರು ಸಾಲು ಎಂದರೆ ಕಾರಂತರ ಹೆಸರು, ಕೃತಿಯ ಹೆಸರು, ಅದಕ್ಕೆ ನೀನು ಬರೆಯುವ ನಾಲ್ಕು ಸಾಲಿನ ಪರಿಚಯ ಮೂರು ಕಡೆ ಬರೆಯಬೇಕು. ಒಂದು ಕಡೆ ಕಾಗುಣಿತ ತಿದ್ದಿ ಉಳಿದೆರಡನ್ನು ಮರೆತರೆ ಹುಡುಕಿದವರಿಗೆ ಎರಡು ಬೇರೆ ಕಾದಂಬರಿಗಳು ಕಾಣುತ್ತವೆ.

ಹಾಗಾಗಿ ‘ಕೃತಿ’ ಬೇರೆ, ‘ಪ್ರತಿ’ ಬೇರೆ. ಕೃತಿ ಟೇಬಲ್ಲಿನಲ್ಲಿ ‘ಮೂಕಜ್ಜಿಯ ಕನಸುಗಳು’ ಒಂದೇ ಸಲ. ಪ್ರತಿ ಟೇಬಲ್ಲಿನಲ್ಲಿ ಮೂರು ಸಾಲು. ಪ್ರತಿಯೊಂದು ಸಾಲಿಗೂ ಅದರ ಅಕ್ಸೆಷನ್ ನಂಬರು, ಮುದ್ರಣದ ವರ್ಷ, ಬೆಲೆ, ಬಂದ ದಿನ, ಈಗಿನ ಸ್ಥಿತಿ. ಜೊತೆಗೆ ತಾನು ಯಾವ ಕೃತಿಯ ಪ್ರತಿ ಎಂದು ಹೇಳುವ ಒಂದು ಕಾಲಮ್. ದೊಡ್ಡ ಗ್ರಂಥಾಲಯಗಳಲ್ಲಿ ಆವೃತ್ತಿಗೂ ಪ್ರತ್ಯೇಕ ಟೇಬಲ್ ಮಾಡುತ್ತಾರೆ. ನಿನಗೆ ಅದು ಬೇಡ, ಎರಡು ಹಂತ ಸಾಕು. ಕೊಹಾ ಎನ್ನುವ ತಂತ್ರಾಂಶದ ಹೆಸರು ಕೇಳಿರಬಹುದು. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಸಣ್ಣ ಪ್ರದೇಶದ ಗ್ರಂಥಾಲಯಕ್ಕಾಗಿ 1999ರಲ್ಲಿ ಬರೆದದ್ದು. 2000ದ ಜನವರಿಯಲ್ಲಿ ಬಳಕೆಗೆ ಬಂತು, ಇವತ್ತು ಲೋಕದ ತುಂಬ ಇದೆ. ಅದರಲ್ಲೂ ಕೃತಿಯ ವಿವರಕ್ಕೊಂದು ಟೇಬಲ್, ಕಪಾಟಿನಲ್ಲಿರುವ ಪ್ರತಿಗೆ ಇನ್ನೊಂದು. ನಾಳೆ ನಿಮ್ಮ ವಾಚನಾಲಯ ಬೆಳೆದು ಕೊಹಾಗೋ ನಮ್ಮ ಕೇಂದ್ರ ಸರ್ಕಾರದ ಎನ್‌ಐಸಿಯವರ ಇ-ಗ್ರಂಥಾಲಯ ತಂತ್ರಾಂಶಕ್ಕೋ ಹೋಗಬೇಕಾದರೆ, ಈ ಎರಡನ್ನು ಬೇರೆ ಇಟ್ಟವರ ಕೆಲಸ ಹಗುರ.

ಲೇಖಕರ ವಿಚಾರದಲ್ಲಿ ಕನ್ನಡದ ಪುಸ್ತಕಗಳು ನಿನ್ನನ್ನು ಚೆನ್ನಾಗಿ ಪರೀಕ್ಷೆ ಮಾಡುತ್ತವೆ. ರಿಜಿಸ್ಟರಿನಲ್ಲಿ ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ.ವಿ. ಪುಟ್ಟಪ್ಪ, ಮತ್ತೊಂದು ಕಡೆ ‘ಪುಟ್ಟಪ್ಪ ಕೆ.ವಿ.’ ಎಂದಿರುತ್ತದೆ. ಮಾಸ್ತಿಯವರ ಕತೆಗಳು ಶ್ರೀನಿವಾಸ ಎಂಬ ಹೆಸರಿನಲ್ಲಿ, ಬೇಂದ್ರೆಯವರ ಕವನ ಸಂಗ್ರಹಗಳು ಅಂಬಿಕಾತನಯದತ್ತ ಎಂಬ ಹೆಸರಿನಲ್ಲಿ ಬಂದವು. ತ್ರಿವೇಣಿ ಎಂದರೆ ಅನಸೂಯಾ ಶಂಕರ್. ಪುಸ್ತಕದ ಸಾಲಿನಲ್ಲೇ ಲೇಖಕರ ಹೆಸರು ಬರೆದಿಟ್ಟರೆ ಒಬ್ಬರೇ ಮೂವರಾಗುತ್ತಾರೆ. ‘ವ್ಯಕ್ತಿ’ ಎಂದು ಬೇರೆ ಟೇಬಲ್ ಮಾಡು. ಅಲ್ಲಿ ಕುವೆಂಪು ಒಂದು ಸಾಲು. ಅವರ ಬೇರೆ ಹೆಸರುಗಳಿಗೆ ‘ವ್ಯಕ್ತಿಯ ಹೆಸರುಗಳು’ ಎಂದು ಪುಟ್ಟದೊಂದು ಟೇಬಲ್. ಯಾವ ಹೆಸರಿನಲ್ಲಿ ಹುಡುಕಿದರೂ ಒಬ್ಬರೇ ಸಿಗಬೇಕು.

ಇನ್ನು ‘ಲೇಖಕ 1, ಲೇಖಕ 2, ಲೇಖಕ 3’ ಎಂದು ಮೂರು ಕಾಲಮ್ ಇಟ್ಟಿದ್ದೀಯಲ್ಲ, ಅದನ್ನು ತೆಗೆದುಬಿಡು. ನಾಲ್ಕನೆಯ ಸಂಪಾದಕರು ಬಂದ ದಿನ ಎಲ್ಲಿಗೆ ಹಾಕುತ್ತೀ? ಒಬ್ಬರು ಬರೆದದ್ದನ್ನೆಲ್ಲ ಹುಡುಕಬೇಕೆಂದರೆ ಮೂರು ಕಾಲಮ್ಮಿನಲ್ಲೂ ಹುಡುಕಬೇಕು. ತೇಜಸ್ವಿಯವರ ‘ಕಾಡಿನ ಕತೆಗಳು’ ನೆನಪು ಮಾಡಿಕೊ, ನೀನು ಏಳನೇ ಕ್ಲಾಸಿನಲ್ಲಿ ಊಟ ಬಿಟ್ಟು ಓದಿದ್ದು. ಮೂಲ ಕೆನೆತ್ ಆಂಡರ್ಸನ್, ಕನ್ನಡಕ್ಕೆ ತಂದವರು ತೇಜಸ್ವಿ, ಒಟ್ಟು ನಾಲ್ಕು ಭಾಗ. ಇಬ್ಬರನ್ನೂ ‘ಲೇಖಕ’ ಎಂದರೆ ತಪ್ಪು, ಒಬ್ಬರನ್ನು ಬಿಟ್ಟರೆ ಅನ್ಯಾಯ. ಕೃತಿಗೂ ವ್ಯಕ್ತಿಗೂ ನಡುವೆ ಒಂದು ಟೇಬಲ್ ಇಡು. ಅದರಲ್ಲಿ ಕೃತಿಯ ಐಡಿ, ವ್ಯಕ್ತಿಯ ಐಡಿ, ಅವರ ಪಾತ್ರ ಏನು (ಮೂಲ ಲೇಖಕ, ಅನುವಾದಕ, ಸಂಪಾದಕ, ಚಿತ್ರಕಾರ), ಯಾವ ಕ್ರಮದಲ್ಲಿ ಹೆಸರು ಬರಬೇಕು ಎಂಬ ನಾಲ್ಕೇ ಕಾಲಮ್. ಹತ್ತು ಜನ ಸಂಪಾದಕರಿದ್ದರೆ ಹತ್ತು ಸಾಲು, ಅಷ್ಟೇ. ‘ಕಾಡಿನ ಕತೆಗಳು’ ನಾಲ್ಕು ಭಾಗಗಳಿಗೆ ನಾಲ್ಕು ಅಕ್ಸೆಷನ್ ನಂಬರು. ಸಂಪುಟಗಳನ್ನು ಜನ ಒಂದೊಂದಾಗಿ ಕೊಂಡೊಯ್ಯುತ್ತಾರೆ, ಒಂದೊಂದಾಗಿಯೇ ಕಳೆಯುತ್ತಾರೆ.

ಇದೆಲ್ಲ ಎಡ್ಗರ್ ಕಾಡ್ ಎಂಬ ಪುಣ್ಯಾತ್ಮರು ಹಾಕಿಕೊಟ್ಟ ದಾರಿ. ಇಂಗ್ಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಐಬಿಎಂನಲ್ಲಿ ಕೆಲಸ ಮಾಡುತ್ತಿದ್ದರು. 1970ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದಲೇ ಇವತ್ತಿನ ಟೇಬಲ್‌ಗಳ ಲೋಕ ಹುಟ್ಟಿತು. ಅದಕ್ಕೆ ಮೊದಲು ಮಾಹಿತಿ ಬೇಕಾದವರು ಅದು ಯಂತ್ರದಲ್ಲಿ ಎಲ್ಲಿ ಕೂತಿದೆ, ಯಾವ ಕೊಂಡಿ ಹಿಡಿದು ಹೋಗಬೇಕು ಎಂದು ತಿಳಿದಿರಬೇಕಿತ್ತು. ಕಾಡ್ ಆ ಹೊರೆ ಇಳಿಸಿದರು. ಸಾಲುಗಳು ಒಂದಕ್ಕೊಂದು ಸೇರುವುದು ಅವುಗಳಲ್ಲಿ ಬರೆದಿರುವ ಮೌಲ್ಯದಿಂದ, ಜಾಗದಿಂದಲ್ಲ ಎಂದು ತೋರಿಸಿದರು. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ನಿನ್ನ ‘ಪ್ರತಿ’ ಟೇಬಲ್ಲಿನಲ್ಲಿ ಕೃತಿಯ ಐಡಿ 412 ಎಂದು ಬರೆದರೆ ಸಾಕು, ಕಾರಂತರು ತಾವಾಗಿ ಬಂದು ಸೇರುತ್ತಾರೆ. ಆದ್ದರಿಂದಲೇ ಆ 412 ಅಲುಗಾಡಬಾರದು.

ಈಗ ನಂಬರಿನ ಮಾತು. ನೀನು ‘ಕಾದಂ-2025-017’ ಎಂಬ ಮಾದರಿ ಬರೆದು ಪಕ್ಕದಲ್ಲಿ ‘ನೋಡಿದ ಕೂಡಲೇ ಗೊತ್ತಾಗುತ್ತೆ ದೊಡ್ಡಮ್ಮ’ ಎಂದು ಬರೆದಿದ್ದೀಯ. ನೋಡಿದ ಕೂಡಲೇ ಗೊತ್ತಾಗುತ್ತದೆ, ನಿಜ. ತೊಂದರೆ ಇರುವುದೂ ಅಲ್ಲೇ. ತೇಜಸ್ವಿಯವರ ‘ಪರಿಸರದ ಕತೆ’ ಬಂತು ಎಂದುಕೊ. ಹೆಸರು ನೋಡಿದವರು ಕತೆ ಎನ್ನುತ್ತಾರೆ, ಓದಿದವರು ಪ್ರಬಂಧ ಎನ್ನುತ್ತಾರೆ, ಶಾಲೆಯ ಮೇಷ್ಟ್ರು ಪರಿಸರದ ಕಪಾಟಿನಲ್ಲಿಡಿ ಎನ್ನುತ್ತಾರೆ. ಇವತ್ತು ‘ಕತೆ’ ಎಂದು ನಂಬರು ಕೊಟ್ಟು ನಾಳೆ ಕಪಾಟು ಬದಲಾಯಿಸಿದರೆ, ನಂಬರನ್ನೂ ಬದಲಾಯಿಸಬೇಕು, ಇಲ್ಲವೇ ನಂಬರು ಸುಳ್ಳು ಹೇಳುತ್ತಿರುವುದನ್ನು ಸಹಿಸಿಕೊಳ್ಳಬೇಕು. ಬದಲಾಗುವ ಯಾವ ಸಂಗತಿಯನ್ನೂ ಗುರುತಿನ ನಂಬರಿನೊಳಗೆ ಸೇರಿಸಬೇಡ. ಸದಸ್ಯರಿಗೂ ತಾಲ್ಲೂಕು, ಜಿಲ್ಲೆಯ ಅಕ್ಷರ ಸೇರಿಸಿ ನಂಬರು ಕೊಡುವ ಯೋಚನೆ ಇದ್ದರೆ ಬಿಟ್ಟುಬಿಡು. ಹೊಸಪೇಟೆ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯ ಕೇಂದ್ರ. ಜನ ಕೂತಲ್ಲೇ ಕೂತಿದ್ದರು, ಜಿಲ್ಲೆ ಬದಲಾಯಿತು.

ನಮ್ಮ ದೇಶದಲ್ಲೇ ಇದಕ್ಕೆ ಎರಡು ಒಳ್ಳೆಯ ಉದಾಹರಣೆಗಳಿವೆ. ಒಂದು ಪಿನ್ ಕೋಡ್. 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತದ ಕವಿಯೂ ಹೌದು. ಆರು ಅಂಕೆಯಲ್ಲಿ ಮೊದಲನೆಯದು ವಲಯ, ಎರಡನೆಯದು ಉಪವಲಯ, ಮೂರನೆಯದು ಅಂಚೆ ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಅಲ್ಲಿ ಪ್ರತಿ ಅಂಕೆಗೂ ಅರ್ಥವಿದೆ, ಇರಬೇಕು ಕೂಡ. ಕಾಗದವನ್ನು ಯಾವ ಚೀಲಕ್ಕೆ ಹಾಕಬೇಕೆಂದು ತಿಳಿಸುವುದೇ ಅದರ ಕೆಲಸ. ಇನ್ನೊಂದು ಆಧಾರ್. ಹನ್ನೆರಡು ಅಂಕೆ, ಕೊನೆಯದು ಬರೆಯುವಾಗ ಆಗುವ ತಪ್ಪು ಹಿಡಿಯಲಿಕ್ಕೆ. ಉಳಿದದ್ದರಲ್ಲಿ ರಾಜ್ಯವೂ ಇಲ್ಲ, ಹುಟ್ಟಿದ ವರ್ಷವೂ ಇಲ್ಲ, ಗಂಡೋ ಹೆಣ್ಣೋ ಅದೂ ಇಲ್ಲ. ಬೇಕೆಂದೇ ಅರ್ಥವಿಲ್ಲದ ಸಂಖ್ಯೆ ಮಾಡಿದರು. ಮನುಷ್ಯ ಬೀದರಿನಿಂದ ಮಂಗಳೂರಿಗೆ ಹೋದರೆ ಪಿನ್ ಕೋಡ್ ಬದಲಾಗಬೇಕು, ಆಧಾರ್ ಬದಲಾಗಬಾರದು.

ಗ್ರಂಥಾಲಯದಲ್ಲೂ ಈ ಎರಡೂ ಇವೆ. ಅಕ್ಸೆಷನ್ ನಂಬರು ಯಾರೆಂದು ಹೇಳುತ್ತದೆ, ಕಾಲ್ ನಂಬರು ಎಲ್ಲಿ ಕೂರಬೇಕೆಂದು ಹೇಳುತ್ತದೆ. ಡ್ಯೂಯಿ ವರ್ಗೀಕರಣ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814. ನಮ್ಮ ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು 1933ರಲ್ಲಿ ತಂದ ಕೋಲನ್ ಪದ್ಧತಿ ಬೇರೆಯ ರೀತಿಯದು. ವಿಷಯ, ಕಾಲ, ದೇಶ ಎಲ್ಲವನ್ನೂ ಸಂಖ್ಯೆಯೊಳಗೆ ಕೂರಿಸುವ ಅದ್ಭುತ ಬುದ್ಧಿ ಅದು. ಅರ್ಥಕ್ಕೆ ತಕ್ಕ ಜಾಗ ಅದೇ. ನಿನ್ನ ‘ಕಾದಂ’ ಅನ್ನು ಕಾಲ್ ನಂಬರಿನ ಕಾಲಮ್ಮಿಗೆ ಹಾಕು. ಬೇಕಾದಾಗ ಬದಲಾಯಿಸು, ಚೀಟಿ ಹೊಸದು ಅಂಟಿಸು, ಯಾರಿಗೂ ನೋವಾಗುವುದಿಲ್ಲ.

ಐಎಸ್‌ಬಿಎನ್ ಇದೆಯಲ್ಲ, ಅದನ್ನೇ ಗುರುತಾಗಿ ಇಟ್ಟುಕೊಳ್ಳಬಾರದೇ ಎಂದು ನೀನು ಕೇಳಿದ್ದೆ. ಬೇಡ. ಅದು ಆವೃತ್ತಿಗೆ ಕೊಡುವ ಸಂಖ್ಯೆ, ನಿನ್ನ ಮೂರು ಪ್ರತಿಗಳಲ್ಲಿ ಎರಡಕ್ಕೆ ಒಂದೇ ಇರುತ್ತದೆ. ವಾಚನಾಲಯದ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಅದು ಇರುವುದೇ ಇಲ್ಲ. 2007ರ ಜನವರಿ 1ರಂದು ಹತ್ತು ಅಂಕೆಯಿಂದ ಹದಿಮೂರಕ್ಕೆ ಹೋಯಿತು, ಆದ್ದರಿಂದ ಎರಡು ನಮೂನೆಯೂ ಕಪಾಟಿನಲ್ಲಿವೆ. ಹತ್ತರ ನಮೂನೆಯಲ್ಲಿ ಕೊನೆಗೆ ಎಕ್ಸ್ ಎಂಬ ಅಕ್ಷರ ಬರುವುದೂ ಉಂಟು. ಹಾಗಾಗಿ ಕಾಲಮ್ ಇಡು, ಖಾಲಿ ಬಿಡಲು ಅವಕಾಶ ಕೊಡು, ಸಂಖ್ಯೆಯಾಗಿ ಅಲ್ಲ ಅಕ್ಷರವಾಗಿ ಇಡು. ಮೊಬೈಲ್ ನಂಬರಿಗೂ ಇದೇ ಮಾತು. ಕೂಡಿಸಿ ಕಳೆಯಲು ಬಳಸದ ಯಾವುದನ್ನೂ ಸಂಖ್ಯೆಯ ಕಾಲಮ್ಮಿನಲ್ಲಿ ಇಡಬೇಡ.

ಹಾಗಾದರೆ ಐಡಿ ಯಾರು ಕೊಡಬೇಕು? ಡೇಟಾಬೇಸೇ ಕೊಡಲಿ. ನಿನ್ನ ಚಿತ್ರದ ಮೂಲೆಯಲ್ಲಿ ‘ಇರುವುದರಲ್ಲಿ ದೊಡ್ಡದು + 1’ ಎಂದು ಬರೆದಿದ್ದೀಯ. ಒಬ್ಬನೇ ಕೂತು ತುಂಬುವಾಗ ಅದು ನಡೆಯುತ್ತದೆ. ಭಾನುವಾರ ನಿನ್ನ ಗೆಳೆಯರು ಇಬ್ಬರು ಎರಡು ಲ್ಯಾಪ್‌ಟಾಪಿನಲ್ಲಿ ಕೂತು ಪುಸ್ತಕ ತುಂಬುತ್ತಿದ್ದಾರೆ. ಕೊನೆಯ ನಂಬರು 2310 ಎಂದು ಇಬ್ಬರಿಗೂ ಕಾಣುತ್ತದೆ, ಇಬ್ಬರೂ ಒಂದೇ ಕ್ಷಣದಲ್ಲಿ ಸೇವ್ ಒತ್ತುತ್ತಾರೆ, ಇಬ್ಬರಿಗೂ 2311. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಆಟೋ ಇನ್‌ಕ್ರಿಮೆಂಟ್ ಈ ಜಗಳ ಬರಗೊಡುವುದಿಲ್ಲ, ಸರದಿಯಲ್ಲಿ ಒಬ್ಬರಿಗೆ 2311, ಇನ್ನೊಬ್ಬರಿಗೆ 2312 ಕೊಡುತ್ತದೆ. ಮಧ್ಯೆ ಯಾರಾದರೂ ತುಂಬುವುದನ್ನು ಅರ್ಧಕ್ಕೆ ಬಿಟ್ಟರೆ ಒಂದು ನಂಬರು ಹಾರಿಹೋಗಬಹುದು. ಹೋಗಲಿ. 2313 ಯಾಕಿಲ್ಲ ಎಂದು ತಲೆ ಕೆಡಿಸಿಕೊಂಡು ಅದನ್ನು ತುಂಬಲು ಹೋಗಬೇಡ. ಪುಟದಲ್ಲಿ 1, 2, 3 ಎಂದು ಸಾಲಾಗಿ ಕಾಣಬೇಕಾದರೆ ತೋರಿಸುವ ಹೊತ್ತಿಗೆ ಎಣಿಸಿಕೊ, ಅದನ್ನು ಬರೆದಿಡಬೇಡ.

ಇಲ್ಲೊಂದು ಸೂಕ್ಷ್ಮವಿದೆ, ಗಟ್ಟಿಯಾಗಿ ನೆನಪಿಟ್ಟುಕೊ. ಮೈಎಸ್‌ಕ್ಯೂಎಲ್ 5.7ನೇ ಆವೃತ್ತಿಯವರೆಗೆ ಅದರ ಇನ್ನೊಡಿಬಿ ಎಂಬ ಸಂಗ್ರಹ ಎಂಜಿನ್ ಮುಂದಿನ ನಂಬರು ಯಾವುದೆಂದು ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತಿತ್ತು. ಸರ್ವರ್ ನಿಂತು ಮತ್ತೆ ಎದ್ದಾಗ ಟೇಬಲ್ಲಿನಲ್ಲಿ ಉಳಿದ ದೊಡ್ಡ ಸಂಖ್ಯೆ ನೋಡಿ ಅದಕ್ಕೆ ಒಂದು ಕೂಡಿಸಿಕೊಳ್ಳುತ್ತಿತ್ತು. ಕೊನೆಯ ಸಾಲನ್ನು ನೀನು ಅಳಿಸಿದ್ದರೆ ಆ ನಂಬರು ಮತ್ತೊಬ್ಬರಿಗೆ ಹೋಗುತ್ತಿತ್ತು. ಕೊಹಾದಲ್ಲಿ ಪುಸ್ತಕ ಹಿಂದಕ್ಕೆ ಬಂದ ಕೂಡಲೇ ಎರವಲಿನ ಸಾಲನ್ನು ಹಳೆಯ ಎರವಲುಗಳ ಟೇಬಲ್ಲಿಗೆ ಸಾಗಿಸುವ ಪದ್ಧತಿ ಇದೆ. ಸರ್ವರ್ ಮತ್ತೆ ಶುರುವಾದ ಮೇಲೆ ಹೊಸ ಎರವಲಿಗೆ ಹಳೆಯದೊಂದರ ನಂಬರೇ ಬಂದು, ಎರಡೂ ಒಂದೇ ಟೇಬಲ್ಲಿನಲ್ಲಿ ಎದುರಾಗಿ, ಗ್ರಂಥಾಲಯಗಳು ಪೇಚಾಡಿದವು. ಅದಕ್ಕೆಂದೇ ಪರಿಹಾರ ಬರೆದು ಹಂಚಬೇಕಾಯಿತು. 2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0 ಮುಂದಿನ ನಂಬರನ್ನು ಡಿಸ್ಕಿನಲ್ಲೇ ಬರೆದಿಡುತ್ತದೆ. ನಿನ್ನ ಹೋಸ್ಟಿಂಗಿನವರಲ್ಲಿ ಯಾವ ಆವೃತ್ತಿ ಇದೆ ಎಂದು ಕೇಳು. ಮನೆಯಲ್ಲಿ ಪರೀಕ್ಷೆಗೆ ಎಸ್‌ಕ್ಯೂಲೈಟ್ ಬಳಸುತ್ತಿದ್ದರೆ, ಅಲ್ಲೂ ಆಟೋಇನ್‌ಕ್ರಿಮೆಂಟ್ ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಅಳಿಸಿದ ಕೊನೆಯ ನಂಬರು ಮರಳಿ ಬರಬಹುದು.

ಆದರೆ ಅಳಿಸುವುದೇ ಯಾಕೆ? ಕೆಂಪು ಗೆರೆಯ ಬುದ್ಧಿಯನ್ನೇ ಬಳಸು. ‘ಪ್ರತಿ’ ಟೇಬಲ್ಲಿನಲ್ಲಿ ‘ಸ್ಥಿತಿ’, ‘ವಜಾ ಮಾಡಿದ ದಿನ’, ‘ಷರಾ’ ಎಂದು ಮೂರು ಕಾಲಮ್ ಇಡು. ಕಳೆದ ಪುಸ್ತಕ ಹುಡುಕಾಟದಲ್ಲಿ ಕಾಣದಿರಲಿ, ಟೇಬಲ್ಲಿನಲ್ಲಿ ಇರಲಿ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿದ ದಿನ ಸ್ಥಿತಿ ತಿದ್ದಿದರಾಯಿತು. ಫಾರಿನ್ ಕೀಗಳನ್ನು ಮರೆಯದೆ ಹಾಕು. ಪ್ರತಿಗಳಿರುವ ಕೃತಿಯನ್ನು ಯಾರೋ ಅವಸರದಲ್ಲಿ ಅಳಿಸಲು ಹೋದರೆ ಡೇಟಾಬೇಸೇ ಕೈ ಹಿಡಿದು ತಡೆಯಬೇಕು.

ಐಡಿ ಮತ್ತು ಅಕ್ಸೆಷನ್ ನಂಬರು ಎರಡೂ ಯಾಕೆ, ಒಂದೇ ಸಾಲದೇ ಎಂಬ ಪ್ರಶ್ನೆ ನಿನಗೆ ಬಂದೇ ಬರುತ್ತದೆ. ಎರಡೂ ಇರಲಿ. ಅಕ್ಸೆಷನ್ ನಂಬರು ಮನುಷ್ಯರು ಕೈಯಲ್ಲಿ ಕೊಟ್ಟದ್ದು. ಎಷ್ಟೋ ಸಣ್ಣ ವಾಚನಾಲಯಗಳಲ್ಲಿ ದಾನವಾಗಿ ಬಂದ ಪುಸ್ತಕಗಳಿಗೆ ಬೇರೆ ಸರಣಿ ಇಟ್ಟಿರುತ್ತಾರೆ. ಕೆಲವು ಕಡೆ ಹೊಸ ರಿಜಿಸ್ಟರು ತಂದವರು ಮತ್ತೆ 1ರಿಂದ ಶುರು ಮಾಡಿರುತ್ತಾರೆ. ಎರಡು ಪುಸ್ತಕಕ್ಕೆ ಒಂದೇ ಮೊಹರು ಬಿದ್ದಿರುವುದೂ ಉಂಟು. ಆ ಗೊಂದಲವನ್ನು ನಿಧಾನವಾಗಿ ತಿದ್ದಬೇಕು. ತಿದ್ದುವಾಗ ಎರವಲಿನ ದಾಖಲೆ ಹರಿದುಹೋಗಬಾರದು. ಆದ್ದರಿಂದ ಟೇಬಲ್‌ಗಳು ಒಂದಕ್ಕೊಂದು ಕೈ ಹಿಡಿಯುವುದು ಒಳಗಿನ ಐಡಿಯಿಂದ. ಅದು ಹೊರಗಿನವರ ಕಣ್ಣಿಗೆ ಬೀಳಬೇಕಾಗಿಯೂ ಇಲ್ಲ. ಅಕ್ಸೆಷನ್ ನಂಬರು ಅಕ್ಷರದ ಕಾಲಮ್ಮಿನಲ್ಲಿರಲಿ, ಯುನೀಕ್ ಎಂಬ ಕಟ್ಟಳೆಯೊಂದಿಗೆ.

ಬೆಲೆಯ ಕಾಲಮ್ಮಿನಲ್ಲಿ ನಿನಗೊಂದು ಆಶ್ಚರ್ಯ ಕಾದಿದೆ. ಹಳೆಯ ಸಾಲುಗಳಲ್ಲಿ ‘1-8-0’ ಎಂದಿರುತ್ತದೆ. ಅದು ತಾರೀಖಲ್ಲ ಮಗಾ, ಒಂದು ರೂಪಾಯಿ ಎಂಟಾಣೆ. ಹದಿನಾರು ಆಣೆಗೆ ರೂಪಾಯಿ, ಹನ್ನೆರಡು ಪೈಗೆ ಆಣೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಆ ಲೆಕ್ಕ ಹೋಯಿತು. ಇದನ್ನು 1.80 ಎಂದು ತುಂಬಿದರೆ ತಪ್ಪು, 1.50 ಎಂದಾಗಬೇಕು. ‘ಬರೆದಿರುವಂತೆ ಬೆಲೆ’ ಎಂದು ಅಕ್ಷರದ ಒಂದು ಕಾಲಮ್, ‘ರೂಪಾಯಿಯಲ್ಲಿ’ ಎಂದು ಡೆಸಿಮಲ್ ಕಾಲಮ್ ಒಂದು. ದುಡ್ಡಿಗೆ ಫ್ಲೋಟ್ ಬಳಸಬೇಡ, ಪೈಸೆಗಳು ಸೋರುತ್ತವೆ. ವರ್ಷಕ್ಕೂ ಹೀಗೇ ಮಾಡು. ಹಳೆಯ ಪುಸ್ತಕಗಳಲ್ಲಿ ಬರೀ ಸಂವತ್ಸರದ ಹೆಸರಿರುತ್ತದೆ, ಕೆಲವದರಲ್ಲಿ ಏನೂ ಇರುವುದಿಲ್ಲ. ಗೊತ್ತಿಲ್ಲದ ವರ್ಷಕ್ಕೆ ಸೊನ್ನೆ ಹಾಕಬೇಡ, ಖಾಲಿ ಬಿಡು. ಸೊನ್ನೆಯೂ ಒಂದು ಉತ್ತರ, ಖಾಲಿ ಎಂದರೆ ಉತ್ತರ ಇನ್ನೂ ಸಿಕ್ಕಿಲ್ಲ ಎಂದು.

ಕನ್ನಡ ತುಂಬುವಾಗ ಎರಡು ಮೂರು ಎಚ್ಚರ. ಅಕ್ಷರದ ಸೆಟ್ಟು ಯುಟಿಎಫ್8ಎಂಬಿ4 ಇರಲಿ. ಮೊದಲೇ ಹಾಗೆ ಇಡದೆ ಲ್ಯಾಟಿನ್‌ನಲ್ಲಿ ಬಿಟ್ಟರೆ ಕುವೆಂಪು ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಬರುತ್ತಾರೆ, ಮತ್ತೆ ಕನ್ನಡವಾಗುವುದಿಲ್ಲ. ವಾಚನಾಲಯದವರು ಹಿಂದೆ ನುಡಿಯಲ್ಲಿ ಟೈಪಿಸಿದ ಪಟ್ಟಿ ಕೊಟ್ಟರೆ ಅದು ಯೂನಿಕೋಡೋ ಹಳೆಯ ಫಾಂಟಿನದೋ ನೋಡು. ಹಳೆಯದಾದರೆ ಪರಿವರ್ತಿಸಿಕೊಂಡೇ ಒಳಗೆ ತೆಗೆದುಕೊ. ಒಬ್ಬರು ‘೨೩’ ಎಂದೂ ಇನ್ನೊಬ್ಬರು ‘23’ ಎಂದೂ ಅಕ್ಸೆಷನ್ ನಂಬರು ತುಂಬಿದರೆ ಯಂತ್ರಕ್ಕೆ ಅವು ಬೇರೆ ಬೇರೆಯಾಗಿ ಕಾಣಬಹುದು. ಒಳಗೆ ಹೋಗುವಾಗಲೇ ಒಂದೇ ನಮೂನೆಗೆ ತಿರುಗಿಸು. ಕಣ್ಣಿಗೆ ಕಾಣದ ಜೋಡಕ ಅಕ್ಷರಗಳೂ ಹೀಗೆಯೇ ಕಾಡುತ್ತವೆ. ‘ಸೂರ್ಯ’ ಎಂದು ಇಬ್ಬರು ಟೈಪಿಸಿದ್ದು ನೋಡಲು ಹೆಚ್ಚುಕಡಿಮೆ ಒಂದೇ ಇದ್ದರೂ ಒಳಗೆ ಬೇರೆ ಇರಬಹುದು. ಹುಡುಕಾಟಕ್ಕೆಂದು ಶುದ್ಧ ಮಾಡಿದ ಹೆಸರಿನ ಕಾಲಮ್ ಒಂದನ್ನು ಪಕ್ಕದಲ್ಲಿಡು.

ಎರವಲಿನ ಟೇಬಲ್ ಸರಳ. ಪ್ರತಿಯ ಐಡಿ, ಸದಸ್ಯರ ಐಡಿ, ಕೊಟ್ಟ ದಿನ, ತರಬೇಕಾದ ದಿನ, ತಂದ ದಿನ. ತಂದ ದಿನ ಖಾಲಿ ಇದ್ದರೆ ಪುಸ್ತಕ ಹೊರಗಿದೆ. ‘ಹೊರಗಿದೆ’ ಎಂದು ಪ್ರತಿಯ ಟೇಬಲ್ಲಿನಲ್ಲಿ ಮತ್ತೊಮ್ಮೆ ಬರೆಯಬೇಡ. ಎರಡು ಕಡೆ ಬರೆದ ಸತ್ಯ ಒಂದು ದಿನ ಎರಡು ಸತ್ಯವಾಗುತ್ತದೆ.

ಸದಸ್ಯರ ವಿಚಾರದಲ್ಲಿ ಮಾತ್ರ ನನ್ನ ಮಾತನ್ನು ಕಟ್ಟುನಿಟ್ಟಾಗಿ ಕೇಳು. ವೆಬ್ ವಿಳಾಸದಲ್ಲಿ ‘ಕೃತಿ/412’ ಎಂದು ಕಂಡರೆ ತೊಂದರೆಯಿಲ್ಲ. ‘ಸದಸ್ಯ/17’ ಎಂದು ಕಂಡರೆ ಹುಡುಗರು 18, 19 ಎಂದು ಒತ್ತಿ ನೋಡುತ್ತಾರೆ. ಯಾರು ಕೇಳುತ್ತಿದ್ದಾರೆ, ಅವರಿಗೆ ನೋಡುವ ಹಕ್ಕಿದೆಯೇ ಎಂದು ಪ್ರತಿ ಸಲವೂ ಪರೀಕ್ಷಿಸಬೇಕು. ಊಹಿಸಲಾಗದ ನಂಬರು ಇಟ್ಟೆ ಎಂದು ಆ ಪರೀಕ್ಷೆಯನ್ನು ಬಿಡಬಾರದು. ಸಾಲಾಗಿ ಓಡುವ ನಂಬರು ಹೊರಗೆ ಕಂಡರೆ ಎಷ್ಟೆಲ್ಲ ಹೇಳಿಬಿಡುತ್ತದೆ ಎನ್ನುವುದಕ್ಕೆ ಎರಡನೇ ಮಹಾಯುದ್ಧದ್ದೊಂದು ಪ್ರಸಂಗವಿದೆ. ಸಿಕ್ಕ ಜರ್ಮನ್ ಟ್ಯಾಂಕುಗಳ ಬಿಡಿಭಾಗಗಳ ಮೇಲಿನ ಕ್ರಮಸಂಖ್ಯೆಗಳನ್ನು ನೋಡಿ ಮಿತ್ರರಾಷ್ಟ್ರಗಳ ಸಂಖ್ಯಾಶಾಸ್ತ್ರಜ್ಞರು ತಿಂಗಳಿಗೆಷ್ಟು ತಯಾರಾಗುತ್ತಿದೆ ಎಂದು ಲೆಕ್ಕ ಹಾಕಿದರು. 1942ರ ಆಗಸ್ಟಿಗೆ ಗೂಢಚಾರರ ಅಂದಾಜು 1,550, ಇವರ ಲೆಕ್ಕ 327. ಯುದ್ಧ ಮುಗಿದ ಮೇಲೆ ಸಿಕ್ಕ ಜರ್ಮನರ ದಾಖಲೆಯಲ್ಲಿ ಇದ್ದದ್ದು 342.

ಯಾರು ಯಾವ ಪುಸ್ತಕ ಓದಿದರು ಎನ್ನುವುದು ಅವರ ಖಾಸಗಿ ಸಂಗತಿ. ಹದಿನಾರರ ಹುಡುಗಿ ಯಾವ ಪುಸ್ತಕ ಒಯ್ದಳು ಎಂದು ಅವಳ ಮನೆಯವರೂ ನಿನ್ನ ವೆಬ್‌ಸೈಟಿನಲ್ಲಿ ನೋಡುವಂತಿರಬಾರದು. ಪುಸ್ತಕ ಹಿಂದಕ್ಕೆ ಬಂದು ದಂಡದ ಲೆಕ್ಕ ಮುಗಿದ ಮೇಲೆ ಎರವಲಿನ ಸಾಲಿನಿಂದ ಸದಸ್ಯರ ಐಡಿಯನ್ನು ಖಾಲಿ ಮಾಡು. ಪುಸ್ತಕ ಎಷ್ಟು ಸಲ ಹೊರಗೆ ಹೋಗಿದೆ ಎಂಬ ಲೆಕ್ಕ ಉಳಿಯುತ್ತದೆ, ಯಾರು ಒಯ್ದರು ಎನ್ನುವುದು ಉಳಿಯುವುದಿಲ್ಲ. ಸದಸ್ಯತ್ವ ಬಿಟ್ಟವರ ಹೆಸರು, ಫೋನು ಅಳಿಸು, ಅವರ ನಂಬರಿನ ಸಾಲು ಮಾತ್ರ ಬರಿದಾಗಿ ಉಳಿಯಲಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ ನಮ್ಮಲ್ಲಿ 2023ರಲ್ಲಿ ಕಾಯ್ದೆಯೂ ಬಂದಿದೆ. ಕಾಯ್ದೆ ಇರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಓದುಗರು ನಮ್ಮನ್ನು ನಂಬಿ ಒಳಗೆ ಬರುತ್ತಾರೆ.

ಈಗ ಮಾಡಬೇಕಾದದ್ದು ಇಷ್ಟು. ಚಿತ್ರವನ್ನು ಹೊಸದಾಗಿ ಬರೆ: ಕೃತಿ, ಪ್ರತಿ, ವ್ಯಕ್ತಿ, ಹೆಸರುಗಳು, ಕೃತಿ-ವ್ಯಕ್ತಿ, ಸದಸ್ಯ, ಎರವಲು. ಆಮೇಲೆ ಒಂದೇ ಒಂದು ಕಪಾಟಿನ ಪುಸ್ತಕ ತುಂಬಿ ನೋಡು. ಚೆಂದದ ಹೊಸ ಕಾದಂಬರಿಗಳ ಕಪಾಟು ಬೇಡ. ಹಿಂದಿನ ಕೋಣೆಯಲ್ಲಿ ದಾನ ಬಂದ ಪುಸ್ತಕಗಳ ಕಪಾಟಿದೆಯಲ್ಲ, ಮೊದಲ ಹಾಳೆ ಹರಿದದ್ದು, ಎರಡು ಪುಸ್ತಕ ಸೇರಿಸಿ ರಟ್ಟು ಹಾಕಿದ್ದು, ಮಾಸಪತ್ರಿಕೆಯ ಧಾರಾವಾಹಿ ಕತ್ತರಿಸಿ ಹೊಲಿದದ್ದು ಎಲ್ಲ ಅಲ್ಲಿವೆ. ಟೇಬಲ್ ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲ ಎಂದು ಆ ಕಪಾಟು ಒಂದೇ ವಾರದಲ್ಲಿ ಹೇಳಿಕೊಡುತ್ತದೆ. ಅಷ್ಟರವರೆಗೆ ಬೆನ್ನಿಗೆ ಚೀಟಿ ಅಂಟಿಸಬೇಡ. ದಿನದ ಕೊನೆಗೆ ಬ್ಯಾಕಪ್ ತೆಗೆದು ಬೇರೆ ಕಂಪ್ಯೂಟರಿನಲ್ಲಿಡು, ಒಂದು ಸಲ ಅದನ್ನು ಖಾಲಿ ಡೇಟಾಬೇಸಿಗೆ ಮರಳಿ ತುಂಬಿ ಕನ್ನಡ ಸರಿಯಾಗಿ ಬರುತ್ತದೆಯೇ ನೋಡು.

ಇನ್ನೊಂದು ಕೆಲಸ ಈ ವಾರವೇ ಆಗಲಿ. ರಿಜಿಸ್ಟರಿನ ಎರಡನೆಯ ಸಂಪುಟ ವಾಚನಾಲಯದಲ್ಲಿ ಸಿಗದಿದ್ದರೆ ಹಳೆಯ ಕಾರ್ಯದರ್ಶಿಗಳ ಮನೆಯಲ್ಲಿ ಕೇಳು, ಲೆಕ್ಕಪತ್ರದ ಜೊತೆ ಕಟ್ಟಿಟ್ಟಿರುತ್ತಾರೆ. ಅದರ ಮೊದಲ ಸಾಲಿನ ನಂಬರು ಹಿಂದಿನ ಸಂಪುಟದಿಂದ ಮುಂದುವರಿದಿದೆಯೋ, ಮತ್ತೆ 1ರಿಂದ ಶುರುವಾಗಿದೆಯೋ ನೋಡಿ ನನಗೆ ತಿಳಿಸು. 1ರಿಂದ ಶುರುವಾಗಿದ್ದರೆ ‘ಪ್ರತಿ’ ಟೇಬಲ್ಲಿಗೆ ‘ಸರಣಿ’ ಎಂದು ಇನ್ನೊಂದು ಕಾಲಮ್ ಬೇಕಾಗುತ್ತದೆ, ಯುನೀಕ್ ಕಟ್ಟಳೆಯನ್ನು ಸರಣಿ ಮತ್ತು ನಂಬರು ಎರಡಕ್ಕೂ ಸೇರಿಸಿ ಹಾಕಬೇಕು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ